ಸಕ್ಕರೆ ಕಾಯಿಲೆ ಮತ್ತು ಹಿಮ್ಮಡಿಯ ನರ: ಪಾದದ ಹುಣ್ಣು ಅದೇ ಜಾಗದಲ್ಲಿ ಮತ್ತೆ ಯಾಕೆ ಬರುತ್ತದೆ?



ಸಂಘದ ಸಭೆಗೆ ಬಂದಾಗ ನಾವು ಹೆಚ್ಚಾಗಿ ಮಾತನಾಡುವುದು ಉಳಿತಾಯ, ಸಾಲ ಮರುಪಾವತಿ, ಬ್ಯಾಂಕ್ ಲಿಂಕೇಜ್, ಮಕ್ಕಳ ಓದು ಇವುಗಳ ಬಗ್ಗೆ. ಈ ಸಲ ನಿಮ್ಮ ಹಿಮ್ಮಡಿಯ ಬಗ್ಗೆ ಸ್ವಲ್ಪ ಮಾತಾಡೋಣ ಅಂತ ಇದ್ದೇವೆ. ನಗಬೇಡಿ, ಇದಕ್ಕೂ ಲೆಕ್ಕದ ಪುಸ್ತಕಕ್ಕೂ ಸಂಬಂಧ ಇದೆ. ನಮ್ಮ ಒಂದು ಸಂಘದ ಆಂತರಿಕ ಸಾಲದ ಲೆಕ್ಕ ನೋಡುತ್ತಿದ್ದಾಗ ಒಬ್ಬರೇ ಸದಸ್ಯೆಯ ಹೆಸರಿನ ಮುಂದೆ ಎರಡು ವರ್ಷದಲ್ಲಿ ಮೂರು ಸಲ "ಆಸ್ಪತ್ರೆ ಖರ್ಚು" ಎಂದು ಬರೆದಿತ್ತು. ವಿಚಾರಿಸಿದರೆ ಮೂರೂ ಸಲ ಒಂದೇ ಕಾಲು, ಒಂದೇ ಜಾಗ. ಬಲಗಾಲಿನ ಹೆಬ್ಬೆರಳಿನ ಬುಡ, ಅಂಗಾಲಿನ ಕಡೆ. ಹುಣ್ಣು ಆಗುತ್ತದೆ, ಡ್ರೆಸ್ಸಿಂಗ್ ಮಾಡಿಸುತ್ತಾರೆ, ಒಣಗುತ್ತದೆ, ಆರು ತಿಂಗಳಾದ ಮೇಲೆ ಮತ್ತೆ ಅಲ್ಲೇ ಒಡೆಯುತ್ತದೆ.

ಆ ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಸಂಘದ ಉಳಿದವರು "ಅಕ್ಕ ಪಥ್ಯ ಮಾಡಲ್ಲ, ಮದುವೆ ಮನೆಯಲ್ಲಿ ಹೋಳಿಗೆ ತಿಂದಿದ್ದಾರೆ" ಅಂತ ಮಾತಾಡಿಕೊಂಡರು. ನಾವೂ ಅದನ್ನೇ ನಂಬಿದೆವು. ನಿಜ ಹೇಳಬೇಕೆಂದರೆ ಒಂದು ಸಲ ಎಲ್ಲರ ಮುಂದೆ ಅವರನ್ನು ಗದರಿದ್ದೂ ಉಂಟು. ಅವರು ತಲೆ ತಗ್ಗಿಸಿ ಕೂತಿದ್ದರು.

ಮೂರನೇ ಸಲ ಆಸ್ಪತ್ರೆಗೆ ಜೊತೆಯಲ್ಲಿ ಹೋದವರು ನಾವೇ. ಅಲ್ಲಿದ್ದ ಮೂಳೆ ಡಾಕ್ಟರ್ ಹುಣ್ಣನ್ನು ನೋಡುವ ಮೊದಲು ಮಂಡಿ ನೇರ ಇಟ್ಟುಕೊಳ್ಳಲು ಹೇಳಿ, ಪಾದವನ್ನು ಕೈಯಲ್ಲಿ ಹಿಡಿದು ಮೇಲಕ್ಕೆ, ಮೊಣಕಾಲಿನ ಕಡೆಗೆ ಮಡಚಲು ನೋಡಿದರು. ಪಾದ ಮೇಲೇಳಲೇ ಇಲ್ಲ. ಮರದ ಹಲಗೆ ಹಾಗೆ ನಿಂತಿತು. "ಸಿಸ್ಟರ್, ಇವರ ಹಿಮ್ಮಡಿ ಹಿಂದಿನ ನರ ಬಿಗಿದುಕೊಂಡಿದೆ. ಅದು ಹೀಗೇ ಇದ್ದರೆ ನೀವು ಎಷ್ಟು ಡ್ರೆಸ್ಸಿಂಗ್ ಮಾಡಿಸಿದರೂ ಹುಣ್ಣು ವಾಪಸ್ ಬರುತ್ತೆ" ಅಂದರು. ಅವತ್ತು ನಮಗೆ ನಾಚಿಕೆಯಾಯಿತು. ಎಷ್ಟೋ ವರ್ಷಗಳಿಂದ ಶುಗರ್ ತಪಾಸಣೆ ಶಿಬಿರ ಮಾಡಿದ್ದೇವೆ, ನೂರಾರು ಜನರ ಬೆರಳು ಚುಚ್ಚಿ ರಕ್ತ ನೋಡಿದ್ದೇವೆ. ಚಪ್ಪಲಿ ಬಿಚ್ಚಿ ಕಾಲು ತೋರಿಸಿ ಅಂತ ಒಬ್ಬರಿಗೂ ಹೇಳಿರಲಿಲ್ಲ.

ಆಮೇಲೆ ನಾವು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ಹಾಗಾಗಿ ಇದನ್ನು ಓದುವ ಪ್ರತಿ ಸಂಘದಲ್ಲೂ ಒಬ್ಬಿಬ್ಬರಾದರೂ ಇದ್ದೇ ಇರುತ್ತೀರಿ.

ನರ ಅಂದರೆ ಯಾವ ನರ?

ನಮ್ಮ ಮಾತಿನಲ್ಲಿ ಎಲ್ಲವೂ ನರವೇ. ಮುಂಗೈಯಲ್ಲಿ ನೀಲಿಯಾಗಿ ಉಬ್ಬಿ ಕಾಣುವುದೂ ನರ, ಕಾಲು ಜುಮುಗುಟ್ಟಿದರೂ ನರ, ಕುತ್ತಿಗೆ ಹಿಡಿದುಕೊಂಡರೂ ನರ. ಆದರೆ ಇವು ಮೂರು ಬೇರೆ ಬೇರೆ ವಸ್ತುಗಳು. ನೀಲಿಯಾಗಿ ಕಾಣುವುದು ರಕ್ತ ಹರಿಯುವ ರಕ್ತನಾಳ. ಜುಮುಗುಡುವುದು, ನೋವು ತಿಳಿಸುವುದು ನಿಜವಾದ ನರ. ಅದು ಕರೆಂಟು ತಂತಿ ಇದ್ದ ಹಾಗೆ. ಮೂರನೆಯದು ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಹಗ್ಗ. ಅದನ್ನು ಪುಸ್ತಕದಲ್ಲಿ ಸ್ನಾಯುರಜ್ಜು ಅನ್ನುತ್ತಾರೆ, ಡಾಕ್ಟರ್‌ಗಳು ಟೆಂಡನ್ ಅನ್ನುತ್ತಾರೆ. ನಾವು ಇಲ್ಲಿ ಹಗ್ಗ ಅಂತಲೇ ಕರೆಯೋಣ.

ಸಕ್ಕರೆ ಕಾಯಿಲೆ ಮೊದಲಿನ ಎರಡನ್ನು ಹಾಳು ಮಾಡುತ್ತದೆ ಎಂದು ನೀವು ಎಲ್ಲ ಶಿಬಿರಗಳಲ್ಲೂ ಕೇಳಿದ್ದೀರಿ. ರಕ್ತ ಕಡಿಮೆಯಾಗುತ್ತದೆ, ಸ್ಪರ್ಶ ಹೋಗುತ್ತದೆ. ಮೂರನೆಯ ಹಗ್ಗದ ಸುದ್ದಿಯನ್ನು ಯಾರೂ ಹೇಳುವುದಿಲ್ಲ.

ಈಗ ಕೂತಲ್ಲೇ ನಿಮ್ಮ ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಿನಿಂದ ಹಿಡಿದು ನೋಡಿ. ಗಟ್ಟಿಯಾಗಿ, ದಪ್ಪ ಹಗ್ಗದ ಹಾಗೆ ಸಿಗುತ್ತದಲ್ಲ? ಅದು ಮೀನಖಂಡದಿಂದ ಇಳಿದು ಹಿಮ್ಮಡಿ ಮೂಳೆಗೆ ಅಂಟಿಕೊಂಡಿದೆ. ದೇಹದ ಎಲ್ಲ ಹಗ್ಗಗಳಲ್ಲಿ ಅದೇ ಅತಿ ದಪ್ಪ, ಅತಿ ಬಲಶಾಲಿ. ಗ್ರೀಕರ ಕಥೆಯ ವೀರ ಅಖಿಲೀಸನನ್ನು ಅವನ ತಾಯಿ ಹಿಮ್ಮಡಿ ಹಿಡಿದು ನದಿಯಲ್ಲಿ ಮುಳುಗಿಸಿದ್ದಳಂತೆ, ನೀರು ತಾಗದ ಆ ಜಾಗಕ್ಕೇ ಬಾಣ ಬಿದ್ದು ಸತ್ತನಂತೆ. ಅದಕ್ಕೇ ಡಾಕ್ಟರ್‌ಗಳು ಅದನ್ನು ಅಖಿಲೀಸ್ ಟೆಂಡನ್ ಅನ್ನುತ್ತಾರೆ.

ಅದರ ಕೆಲಸ ಬರೀ ಎಳೆಯುವುದಲ್ಲ. ನಡೆಯುವಾಗ ಮೊದಲು ಹಿಮ್ಮಡಿ ನೆಲಕ್ಕೆ ತಾಗುತ್ತದೆ. ಆಮೇಲೆ ಇಡೀ ಪಾದ ನೆಲದ ಮೇಲಿರುವಾಗಲೇ ನಿಮ್ಮ ಮೈ ಮುಂದಕ್ಕೆ ಸಾಗುತ್ತದೆ, ಮೊಣಕಾಲು ಪಾದದ ಮೇಲೆ ಮುಂದಕ್ಕೆ ಬಾಗುತ್ತದೆ. ಆಗ ಹಿಂದಿನ ಹಗ್ಗ ಸ್ವಲ್ಪ ಹಿಗ್ಗಬೇಕು. ಹಿಗ್ಗಿದ ಹಗ್ಗ ಮತ್ತೆ ಕುಗ್ಗುವಾಗ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ, ರಬ್ಬರ್ ಎಳೆದು ಬಿಟ್ಟ ಹಾಗೆ. ಸುಮ್ಮನೆ ನಡೆಯುವುದಕ್ಕೂ ಪಾದದ ಕೀಲು ಮೇಲ್ಮುಖವಾಗಿ ಸುಮಾರು 10 ಡಿಗ್ರಿಯಷ್ಟು ಮಡಚಬೇಕು. ಕುಕ್ಕರಗಾಲಿನಲ್ಲಿ ಕೂರಲು ಇನ್ನೂ ಹೆಚ್ಚು ಬೇಕು.

ಹಗ್ಗದ ಮೇಲೆ ಪಾಕ ಬಿದ್ದರೆ

ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೀವು ನೋಡಿದ್ದೀರಿ. ನಾರು ಸೇರಿ ಎಳೆ, ಎಳೆ ಸೇರಿ ಹುರಿ, ಹುರಿ ಸೇರಿ ಹಗ್ಗ. ನಮ್ಮ ಹಿಮ್ಮಡಿಯ ಹಗ್ಗವೂ ಹಾಗೇ. ಅದರ ನಾರಿನ ಹೆಸರು ಕೊಲಾಜೆನ್, ಅದೊಂದು ಬಗೆಯ ಪ್ರೋಟೀನು. ಎಳೆದಾಗ ನಾರುಗಳು ಒಂದರ ಪಕ್ಕ ಒಂದು ಸ್ವಲ್ಪ ಜಾರುತ್ತವೆ. ಆದ್ದರಿಂದಲೇ ಹಗ್ಗಕ್ಕೆ ಬಳುಕು ಇದೆ.

ಈಗ ಆಲೆಮನೆಯಲ್ಲಿ ಒಂದು ಹಗ್ಗದ ಮೇಲೆ ಬೆಲ್ಲದ ಪಾಕ ಚೆಲ್ಲಿ ಒಣಗಿತು ಅಂತ ಇಟ್ಟುಕೊಳ್ಳಿ. ಹಗ್ಗ ಕೋಲಿನ ಹಾಗೆ ಆಗುತ್ತದೆ. ನಾರು ನಾರಿಗೆ ಅಂಟಿಕೊಂಡಿರುತ್ತದೆ, ಜಾರಲು ಆಗುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಹೆಚ್ಚುಕಡಿಮೆ ನಡೆಯುವುದು ಇದೇ. ರಕ್ತದಲ್ಲಿ ವರ್ಷಾನುಗಟ್ಟಲೆ ಹೆಚ್ಚಾಗಿರುವ ಸಕ್ಕರೆ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ನಿಧಾನವಾಗಿ ರೂಪ ಬದಲಿಸಿ ಒಂದು ನಾರಿಗೂ ಇನ್ನೊಂದು ನಾರಿಗೂ ನಡುವೆ ಗಟ್ಟಿ ಬೆಸುಗೆ ಹಾಕಿಬಿಡುತ್ತದೆ. ವಯಸ್ಸಾದ ಎಲ್ಲರಲ್ಲೂ ಇದು ಸ್ವಲ್ಪ ಸ್ವಲ್ಪ ಆಗುತ್ತದೆ. ಶುಗರ್ ಇದ್ದವರಲ್ಲಿ ಬೇಗ ಆಗುತ್ತದೆ, ಹೆಚ್ಚು ಆಗುತ್ತದೆ.

ಡಾಕ್ಟರ್ "ಮೂರು ತಿಂಗಳ ಶುಗರ್" ಅಂತ ಒಂದು ರಕ್ತ ಪರೀಕ್ಷೆ ಬರೆದುಕೊಡುತ್ತಾರಲ್ಲ, ಅದರಲ್ಲಿ ಅಳೆಯುವುದೂ ಹೀಗೆ ಅಂಟಿಕೊಂಡ ಸಕ್ಕರೆಯನ್ನೇ, ರಕ್ತದ ಕೆಂಪು ಕಣಕ್ಕೆ ಅಂಟಿದ್ದನ್ನು. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಹಳೆಯದು ಸಾಯುತ್ತದೆ, ಹೊಸದು ಹುಟ್ಟುತ್ತದೆ, ಅಂಟಿದ ಸಕ್ಕರೆಯೂ ಅದರ ಜೊತೆ ಹೋಗುತ್ತದೆ. ಹಿಮ್ಮಡಿಯ ಹಗ್ಗಕ್ಕೆ ಆ ಭಾಗ್ಯ ಇಲ್ಲ. 2013ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಇದನ್ನು ಬಹಳ ಜಾಣತನದಿಂದ ಕಂಡುಹಿಡಿದರು. 1955ರಿಂದ 1963ರವರೆಗೆ ದೊಡ್ಡ ದೇಶಗಳು ನಡೆಸಿದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಒಂದು ಬಗೆಯ ಕಾರ್ಬನ್ ಹೆಚ್ಚಾಗಿ ಸೇರಿತ್ತು. ಅದು ಬೆಳೆಯ ಮೂಲಕ ಊಟಕ್ಕೂ, ಊಟದ ಮೂಲಕ ಎಲ್ಲರ ಮೈಗೂ ಸೇರಿತು. ಆ ಗುರುತನ್ನು ಹಿಡಿದು ಅವರು ನೋಡಿದಾಗ, ಹಿಮ್ಮಡಿ ಹಗ್ಗದ ಒಳಗಿನ ತಿರುಳು ಸುಮಾರು 17 ವರ್ಷ ವಯಸ್ಸಿನೊಳಗೆ ತಯಾರಾಗಿ, ಆಮೇಲೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ ಎಂದು ತಿಳಿಯಿತು. ಅಂದರೆ ನೀವು ಹೈಸ್ಕೂಲು ಮುಗಿಸುವ ವಯಸ್ಸಿನಲ್ಲಿ ಇದ್ದ ಹಗ್ಗವೇ ಈಗಲೂ ಇರುವುದು. ಮೂವತ್ತೈದಕ್ಕೆ ಶುಗರ್ ಬಂದು ಐವತ್ತೈದರವರೆಗೆ ಸರಿಯಾಗಿ ಹತೋಟಿಗೆ ಬಾರದಿದ್ದರೆ ಇಪ್ಪತ್ತು ವರ್ಷದ ಪಾಕ ಅದರಲ್ಲಿ ಕೂತಿರುತ್ತದೆ. ಆಲೆಮನೆಯ ಹಗ್ಗವನ್ನು ಬಿಸಿನೀರಿನಲ್ಲಿ ತೊಳೆಯಬಹುದು. ಇದನ್ನು ತೊಳೆಯುವ ಔಷಧ ಈವರೆಗೆ ಬಂದಿಲ್ಲ.

1997ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯವರ ಹಗ್ಗದ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ ವರದಿ ಬಂತು. ನಾರುಗಳು ಸಣ್ಣಗಾಗಿದ್ದವು, ಒತ್ತೊತ್ತಾಗಿ ತುರುಕಿದ ಹಾಗಿದ್ದವು, ನೇರ ಸಾಲು ತಪ್ಪಿದ್ದವು. ಸ್ಕ್ಯಾನ್‌ನಲ್ಲಿ ಹಗ್ಗ ದಪ್ಪಗಾಗಿರುವುದನ್ನು ಬೇರೆಯವರೂ ನೋಡಿದ್ದಾರೆ. ಎಳೆದು ಅಳತೆ ಮಾಡಿದ ಹಲವು ಅಧ್ಯಯನಗಳಲ್ಲಿ ಹಗ್ಗ ಬಿಗಿಯಾಗಿತ್ತು. ಅದೂ ಅಲ್ಲದೆ, ಹಿಗ್ಗಿ ಕುಗ್ಗುವಾಗ ವಾಪಸ್ ಕೊಡಬೇಕಾದ ಶಕ್ತಿಯನ್ನು ಪೂರ್ತಿ ಕೊಡುತ್ತಿರಲಿಲ್ಲ, ಹಳೇ ಸೈಕಲ್ ಟ್ಯೂಬಿನ ರಬ್ಬರ್ ಥರ. ಶುಗರ್ ಇದ್ದವರು "ಸ್ವಲ್ಪ ನಡೆದರೆ ಸಾಕು, ಕಾಲು ಸೋಲುತ್ತೆ ಸಿಸ್ಟರ್" ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು, ಎಲ್ಲಾ ಅಧ್ಯಯನಗಳೂ ಒಂದೇ ಹೇಳುವುದಿಲ್ಲ. ಪಾದದ ಹುಣ್ಣು ಇರುವವರಲ್ಲಿ ಹಗ್ಗ ಮೆತ್ತಗಾಗಿದೆ ಎಂದು ಕೆಲವು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಒಳಗಿನ ಹೊಸೆತವೇ ಕೆಟ್ಟಾಗ ಅಲ್ಲಲ್ಲಿ ಮೆತ್ತಗೂ ಆಗಬಹುದು. ನಮಗೆ ಮುಖ್ಯವಾದದ್ದು, ಪಾದದ ಕೀಲು ಮಡಚುತ್ತದೋ ಇಲ್ಲವೋ ಎಂಬುದು.

ಹಗ್ಗ ಹಿಂದೆ, ಹುಣ್ಣು ಮುಂದೆ

ಹಿಮ್ಮಡಿಯ ಹಗ್ಗ ಬಿಗಿಯಾದರೆ ಹುಣ್ಣು ಹೆಬ್ಬೆರಳಿನ ಬುಡದಲ್ಲಿ ಯಾಕೆ ಆಗಬೇಕು? ನಾವೂ ಡಾಕ್ಟರನ್ನು ಇದನ್ನೇ ಕೇಳಿದೆವು.

ಎದ್ದು ನಿಂತು ಒಂದು ಹೆಜ್ಜೆ ಇಟ್ಟು ನೋಡಿ. ಮೊಣಕಾಲು ಮುಂದಕ್ಕೆ ಬಾಗುವುದಕ್ಕೆ ಹಿಂದಿನ ಹಗ್ಗ ಬಿಡುತ್ತಿಲ್ಲ ಅಂದುಕೊಳ್ಳಿ. ಆಗ ದೇಹ ಬೇರೆ ದಾರಿ ಹುಡುಕುತ್ತದೆ. ಹಿಮ್ಮಡಿಯನ್ನು ಬೇಗನೆ ಎತ್ತಿಬಿಡುತ್ತದೆ. ಹಿಮ್ಮಡಿ ಎದ್ದ ಕ್ಷಣದಿಂದ ಇಡೀ ಮೈ ಭಾರ, ತಲೆ ಮೇಲಿನ ಹುಲ್ಲಿನ ಹೊರೆಯೂ ಸೇರಿ, ಬೆರಳುಗಳ ಬುಡದ ಅಂಗೈಯಗಲದ ಜಾಗಕ್ಕೆ ಬೀಳುತ್ತದೆ. ಇಡೀ ಪಾದಕ್ಕೆ ಹಂಚಿಹೋಗಬೇಕಾದ ಭಾರ ಒಂದೇ ಕಡೆ, ಅದೂ ಹೆಚ್ಚು ಹೊತ್ತು. ಹೈ ಹೀಲ್ಸ್ ಚಪ್ಪಲಿ ಹಾಕಿ ದಿನವಿಡೀ ಹೊಲದಲ್ಲಿ ಓಡಾಡಿದ ಹಾಗೆ. ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ಹಾಕುತ್ತೀರಿ, ನೀವೇ ಯೋಚಿಸಿ.

ಅಮೆರಿಕದ ಟೆಕ್ಸಾಸಿನಲ್ಲಿ ಸಕ್ಕರೆ ಕಾಯಿಲೆಯ 1,666 ಜನರನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಅವರಲ್ಲಿ ಸುಮಾರು ನೂರಕ್ಕೆ ಹತ್ತು ಜನರಿಗೆ ಪಾದ ಮೇಲಕ್ಕೆ ಮಡಚುತ್ತಿರಲಿಲ್ಲ. ಅಂಥವರ ಅಂಗಾಲಿನಲ್ಲಿ ಒತ್ತಡ ವಿಪರೀತವಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರು ಪಟ್ಟು.

ಇದರ ಜೊತೆಗೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಪಾದದ ಒಳಗಿನ ಸಣ್ಣ ಸಣ್ಣ ಮಾಂಸಖಂಡಗಳು ನರ ಸತ್ತ ಮೇಲೆ ಕರಗಿಹೋಗುತ್ತವೆ. ಆಗ ಮೊಣಕಾಲಿನಿಂದ ಇಳಿದು ಬರುವ ಉದ್ದ ಹಗ್ಗಗಳಿಗೆ ಎದುರು ಎಳೆಯುವವರು ಯಾರೂ ಇಲ್ಲ. ಅವು ಬೆರಳುಗಳನ್ನು ಹದ್ದಿನ ಉಗುರಿನ ಹಾಗೆ ಬಾಗಿಸುತ್ತವೆ. ಬೆರಳು ಬಾಗಿದಾಗ ಅದರ ಬುಡದ ಮೂಳೆ ಕೆಳಕ್ಕೆ ಒತ್ತುತ್ತದೆ, ಅಲ್ಲಿ ಮೆತ್ತೆಯ ಹಾಗಿದ್ದ ಕೊಬ್ಬು ಮುಂದಕ್ಕೆ ಸರಿದುಬಿಡುತ್ತದೆ. ಮೂಳೆಗೂ ನೆಲಕ್ಕೂ ನಡುವೆ ಬರೀ ಚರ್ಮ ಉಳಿಯುತ್ತದೆ.

ಚರ್ಮ ಪಾಪ ತನ್ನ ಕೈಲಾದಷ್ಟು ಮಾಡುತ್ತದೆ. ದಡ್ಡು ಕಟ್ಟುತ್ತದೆ. ನಾವು ದಡ್ಡನ್ನು ಕಾಲು ಗಟ್ಟಿಯಾಯಿತು ಅಂದುಕೊಳ್ಳುತ್ತೇವೆ. ಸಕ್ಕರೆ ಕಾಯಿಲೆಯವರ ಮಟ್ಟಿಗೆ ಅದು ಚಪ್ಪಲಿಯೊಳಗೆ ಸಿಕ್ಕಿಕೊಂಡ ಕಲ್ಲು. ಅದೇ ಒಳಗಿನ ಮಾಂಸವನ್ನು ಒತ್ತಿ ಜಜ್ಜುತ್ತದೆ. ದಡ್ಡಿನ ಕೆಳಗೆ ಕಪ್ಪಾಗಿ ಅಥವಾ ಕೆಂಪಾಗಿ ಚುಕ್ಕೆ ಕಂಡರೆ ಒಳಗೆ ರಕ್ತ ಒಸರಿದೆ ಎಂದು ತಿಳಿಯಿರಿ, ಹುಣ್ಣಿಗೆ ಇನ್ನು ಬಹಳ ದಿನ ಇಲ್ಲ. ಸ್ಪರ್ಶ ಇದ್ದವರಾಗಿದ್ದರೆ ನೋವಿಗೆ ಕುಂಟುತ್ತಾ ಕಾಲಿಗೆ ವಿಶ್ರಾಂತಿ ಕೊಡುತ್ತಿದ್ದರು. ಇವರಿಗೆ ನೋವಿಲ್ಲ. ಅದೇ ಕಾಲಿನಲ್ಲಿ ಡೈರಿಗೆ ಹೋಗಿ ಬರುತ್ತಾರೆ. ನಮ್ಮ ಅಕ್ಕನಿಗೂ ಹೋಳಿಗೆಯಿಂದ ಹುಣ್ಣಾಗಿರಲಿಲ್ಲ, ಭಾರದಿಂದ ಆಗಿತ್ತು.

ವೆಲ್ಲೂರಿನ ಪಾಠ

ಹುಣ್ಣಿಗೆ ಕಾರಣ ಒತ್ತಡ ಎಂಬ ವಿಷಯ ಮೊದಲು ಸ್ಪಷ್ಟವಾಗಿ ತಿಳಿದದ್ದು ಕುಷ್ಠರೋಗಿಗಳ ಕಾಲಿನಿಂದ, ಅದೂ ನಮ್ಮ ಪಕ್ಕದ ತಮಿಳುನಾಡಿನಲ್ಲಿ. ಡಾ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಹುಟ್ಟಿದವರು, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಮಾಂಸವೇ ಕೊಳೆತು ಉದುರುತ್ತದೆ ಎಂದು ಆಗ ಜನ ನಂಬಿದ್ದರು. ಹಾಗಲ್ಲ, ನೋವು ತಿಳಿಯದ ಕಾಲನ್ನು ಅವರು ವಿಶ್ರಾಂತಿ ಇಲ್ಲದೆ ಬಳಸುವುದರಿಂದ ಗಾಯ ಆಗುತ್ತದೆ, ಭಾರ ತೆಗೆದರೆ ಎಲ್ಲರ ಮಾಂಸದ ಹಾಗೇ ಮಾಯುತ್ತದೆ ಎಂದು ಅವರೂ ಅವರ ಜೊತೆಗಾರರೂ ತೋರಿಸಿದರು. ಪ್ಲಾಸ್ಟರ್ ಹಾಕಿ ಹುಣ್ಣು ಒಣಗಿಸಿದರು. ಎಂ.ಸಿ.ಆರ್. ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ಬಂದದ್ದೂ ಅಲ್ಲಿಂದಲೇ. 1960ರ ದಶಕದಲ್ಲಿ ಅವರು ಅಮೆರಿಕಕ್ಕೆ ಹೋದ ಮೇಲೆ ಅದೇ ವಿದ್ಯೆ ಸಕ್ಕರೆ ಕಾಯಿಲೆಯವರ ಪಾದಕ್ಕೂ ಬಳಕೆಯಾಯಿತು.

ನಮ್ಮ ಹಿರಿಯ ಸಿಸ್ಟರ್‌ಗಳಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಈ ಚಪ್ಪಲಿ ಚೆನ್ನಾಗಿ ಗೊತ್ತು. ಹಳ್ಳಿಯಲ್ಲೂ ಕೆಲವರಿಗೆ ಗೊತ್ತು, ಅದೇ ತೊಂದರೆ. "ಅದು ದೊಡ್ಡ ರೋಗದವರ ಚಪ್ಪಲಿ, ನಾನು ಹಾಕಲ್ಲ" ಅಂತ ಪೆಟ್ಟಿಗೆಯಲ್ಲೇ ಇಟ್ಟವರನ್ನು ಕಂಡಿದ್ದೇವೆ. ಈಗ ಬೇರೆ ಬೇರೆ ಬಣ್ಣದಲ್ಲಿ, ಮಾಮೂಲಿ ಚಪ್ಪಲಿ ಥರವೇ ಸಿಗುತ್ತವೆ. ಹಿಂದೆ ಪಟ್ಟಿ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಹವಾಯಿ ಚಪ್ಪಲಿಯನ್ನು ಬೀಳದ ಹಾಗೆ ಹಿಡಿದುಕೊಳ್ಳಲು ಬೆರಳು ಬಾಗಿಸಬೇಕು, ಬಾಗಿದ ಬೆರಳಿಗೆ ಅದು ಒಳ್ಳೆಯದಲ್ಲ. ಬೆರಳ ಸಂದಿಯಲ್ಲಿ ಅದರ ಪಟ್ಟಿ ಉಜ್ಜುವುದು ಬೇರೆ.

ಹಗ್ಗವನ್ನು ಉದ್ದ ಮಾಡಬಹುದೆ?

ಮಾಡಬಹುದು. ಹಿಮ್ಮಡಿಯ ಹಿಂದೆ ಚರ್ಮದಲ್ಲಿ ಎರಡು ಮೂರು ಸಣ್ಣ ಗಾಯ ಮಾಡಿ, ಹಗ್ಗವನ್ನು ಅರ್ಧರ್ಧ ಕೊಯ್ದು, ಸ್ವಲ್ಪ ಉದ್ದವಾಗಲು ಬಿಡುತ್ತಾರೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 64 ಜನರ ಮೇಲೆ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮುಂಗಾಲಿನಲ್ಲಿ ಹುಣ್ಣಿತ್ತು, ಪಾದ ಮಡಚುತ್ತಿರಲಿಲ್ಲ. ಒಂದು ಗುಂಪಿಗೆ ಬರೀ ಪ್ಲಾಸ್ಟರ್, ಇನ್ನೊಂದು ಗುಂಪಿಗೆ ಪ್ಲಾಸ್ಟರ್ ಜೊತೆ ಹಗ್ಗ ಉದ್ದ ಮಾಡುವ ಆಪರೇಷನ್. ಎರಡೂ ಗುಂಪಿನಲ್ಲಿ ಹೆಚ್ಚಿನವರ ಹುಣ್ಣು ವಾಸಿಯಾಯಿತು. ಆದರೆ ಎರಡು ವರ್ಷದ ನಂತರ ನೋಡಿದರೆ, ಬರೀ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 81 ಜನರಿಗೆ ಹುಣ್ಣು ಮರಳಿ ಬಂದಿತ್ತು. ಆಪರೇಷನ್ ಆದವರಲ್ಲಿ ನೂರಕ್ಕೆ 38.

ಇದನ್ನು ಓದಿ ಎಲ್ಲರೂ ಆಪರೇಷನ್‌ಗೆ ಓಡಬೇಡಿ. ಹಗ್ಗ ಜಾಸ್ತಿ ಉದ್ದವಾದರೆ ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ. ಆ ಅಧ್ಯಯನದಲ್ಲೇ ಕೆಲವರಿಗೆ ಹಿಮ್ಮಡಿಯಲ್ಲಿ ಹುಣ್ಣಾಯಿತು, ಹಿಮ್ಮಡಿಯ ಹುಣ್ಣು ಒಣಗುವುದು ಇನ್ನೂ ಕಷ್ಟ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಮೊದಲು ನೋಡಬೇಕು. ಪ್ಲಾಸ್ಟರ್, ಸರಿಯಾದ ಚಪ್ಪಲಿ ಇವುಗಳಿಂದ ಆಗದಿದ್ದಾಗ, ಪಾದದ ವಿಷಯ ಬಲ್ಲ ಡಾಕ್ಟರ್ ಯೋಚಿಸಿ ತೀರ್ಮಾನಿಸುವ ಮಾತು ಅದು. ಬಾಗಿದ ಬೆರಳ ತುದಿಯಲ್ಲಿ ಪದೇ ಪದೇ ಹುಣ್ಣಾಗುವವರಿಗೆ ಬೆರಳ ಕೆಳಗಿನ ಹಗ್ಗವನ್ನು ಕೊಯ್ದು ಬಿಡಿಸುವ ಪುಟ್ಟ ಆಪರೇಷನ್ ಇದೆ. ಅದು ಇದಕ್ಕಿಂತ ಸುಲಭ.

ನಮ್ಮ ಅಕ್ಕನಿಗೆ ರಕ್ತದ ಓಟ ಚೆನ್ನಾಗಿತ್ತು, ಆಪರೇಷನ್ ಮಾಡಿದರು. ಕಷ್ಟವಾದದ್ದು ಆಪರೇಷನ್ ಅಲ್ಲ, ಆಮೇಲಿನ ಆರು ವಾರದ ಪ್ಲಾಸ್ಟರ್. "ಹಸು ಯಾರು ನೋಡ್ಕೋತಾರೆ ಸಿಸ್ಟರ್?" ಅಂತ ಅತ್ತರು. ಎರಡನೇ ಸಲದ ಹುಣ್ಣಿನಲ್ಲಿ ಡಾಕ್ಟರ್ ಹೇಳಿದ ವಿಶ್ರಾಂತಿಯನ್ನು ಅವರು ಮುರಿದದ್ದು ಇದೇ ಕಾರಣಕ್ಕೆ, ನಮಗೆ ಹೇಳಿರಲಿಲ್ಲ ಅಷ್ಟೆ. ಹೋಳಿಗೆಯ ಮಾತಾಡಿದ ಅದೇ ಸಂಘದವರು ಸಭೆಯಲ್ಲಿ ಸರದಿ ಹಾಕಿಕೊಂಡರು, ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು. ಡೈರಿಗೆ ಹಾಲು ಒಂದು ದಿನವೂ ತಪ್ಪಲಿಲ್ಲ. ಹುಣ್ಣು ಒಣಗಿ ಈಗ ಹದಿನಾಲ್ಕು ತಿಂಗಳಾಯಿತು, ಮತ್ತೆ ಒಡೆದಿಲ್ಲ. ದಡ್ಡು ಮಾತ್ರ ಕಟ್ಟುತ್ತಲೇ ಇರುತ್ತದೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಸವರಿಸಿಕೊಂಡು ಬರುತ್ತಾರೆ.

ನೀವೇ ನೋಡಿಕೊಳ್ಳುವುದು ಹೇಗೆ?

ಮೊದಲು ಕೈ ಮುಗಿಯಿರಿ. ನಮಸ್ಕಾರ ಮಾಡುವ ಹಾಗೆ ಎರಡು ಅಂಗೈ ಸೇರಿಸಿ, ಮೊಣಕೈ ಅಗಲಿಸಿ ನೋಡಿ. ಬೆರಳುಗಳು ಬುಡದಿಂದ ತುದಿವರೆಗೆ ಒಂದಕ್ಕೊಂದು ಪೂರ್ತಿ ತಾಗಬೇಕು. ನಡುವೆ ಸಂದು ಉಳಿದರೆ ಕೈಯ ಹಗ್ಗ, ಚರ್ಮ, ಕೀಲು ಬಿಗಿಯಾಗುತ್ತಿವೆ ಎಂದು ಅರ್ಥ, ಪಾದದಲ್ಲೂ ಹಾಗೇ ಆಗುತ್ತಿರಬಹುದು. ಡಾಕ್ಟರ್‌ಗಳು ಇದನ್ನು ಪ್ರಾರ್ಥನೆಯ ಚಿಹ್ನೆ ಎಂದೇ ಕರೆಯುತ್ತಾರೆ. ದಿನಾ ಕೈ ಮುಗಿಯುವವರು ನಾವು, ಈ ಸಂದನ್ನು ಗಮನಿಸಿರಲಿಲ್ಲ.

ಆಮೇಲೆ ಕಾಲು ನೀಡಿ, ಮಂಡಿ ನೇರ ಮಾಡಿ ಕೂತು, ಪಾದವನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಬೆರಳನ್ನಲ್ಲ, ಇಡೀ ಪಾದವನ್ನು. ಅದು ನೆಟ್ಟಗೆ ಗೋಡೆಯ ಹಾಗೆ ನಿಂತು, ಅದಕ್ಕಿಂತ ಒಂದಿಷ್ಟೂ ನಿಮ್ಮ ಕಡೆ ಬಾರದಿದ್ದರೆ ಡಾಕ್ಟರಿಗೆ ತೋರಿಸಿ. ಮೊದಲು ಕುಕ್ಕರಗಾಲಿನಲ್ಲಿ ಕೂತಾಗ ಹಿಮ್ಮಡಿ ನೆಲಕ್ಕೆ ತಾಗುತ್ತಿತ್ತು, ಈಗ ಎದ್ದೇ ಇರುತ್ತದೆ ಅನ್ನುವವರೂ ಗಮನಿಸಿ. ಮಂಡಿ ನೋವಿದ್ದವರು ಇದನ್ನು ಪ್ರಯತ್ನಿಸಲು ಹೋಗಿ ಬೀಳಬೇಡಿ.

ಮೂರನೆಯದು ಇಬ್ಬರು ಸೇರಿ ಮಾಡುವುದು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಆಸ್ಪತ್ರೆಯವರು ಹೇಳಿಕೊಟ್ಟದ್ದು. ಯಾವ ಉಪಕರಣವೂ ಬೇಡ. ಒಬ್ಬರು ಕಣ್ಣು ಮುಚ್ಚಿ ಕಾಲು ನೀಡಿ ಕೂರಬೇಕು. ಇನ್ನೊಬ್ಬರು ತೋರುಬೆರಳಿನ ತುದಿಯಿಂದ ಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಗೀರಬಾರದು. ಬಲಗಾಲಿನ ಹೆಬ್ಬೆರಳು, ಕಿರುಬೆರಳು. ಎಡಗಾಲಿನ ಹೆಬ್ಬೆರಳು, ಕಿರುಬೆರಳು. ಆಮೇಲೆ ಎರಡೂ ಕಾಲಿನ ನಡುಬೆರಳು. ಮುಟ್ಟಿದ್ದು ತಿಳಿದಾಗ ಬಲ, ಎಡ ಅಂತ ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳಿಗೆ ತಿಳಿಯದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಎಂದು ಲೆಕ್ಕ. ತಿಳಿಯದ ಬೆರಳನ್ನು ಎರಡನೇ ಸಲ ಮುಟ್ಟಿ "ಈಗ ಗೊತ್ತಾಯ್ತಾ?" ಅಂತ ಕೇಳಬೇಡಿ. ಪಾಸು ಮಾಡಿಸುವ ಪರೀಕ್ಷೆ ಅಲ್ಲ ಇದು.

ಹಗ್ಗ ಇನ್ನೂ ಬಿಗಿಯುವುದನ್ನು ತಡೆಯಲು ಮುಖ್ಯವಾದದ್ದು ಶುಗರ್ ಹತೋಟಿ. ಅಂಟಿದ ಪಾಕ ಹೋಗುವುದಿಲ್ಲ, ಹೊಸದಾಗಿ ಅಂಟುವುದು ಕಡಿಮೆಯಾಗುತ್ತದೆ. ಹಾಗಾಗಿ ಕಾಯಿಲೆ ಗೊತ್ತಾದ ಮೊದಲ ವರ್ಷಗಳೇ ಬಹಳ ಬೆಲೆಯುಳ್ಳವು. ಮಾತ್ರೆ ಬಿಟ್ಟು ಬರೀ ಕಷಾಯ ಕುಡಿಯುವವರಿಗೆ ಈ ಮಾತು.

ಪಾದದಲ್ಲಿ ಗಾಯ, ಗುಳ್ಳೆ, ಚುಕ್ಕೆ ಇಲ್ಲದವರು ದಿನಾ ಎಳೆತದ ವ್ಯಾಯಾಮ ಮಾಡಬಹುದು. ಕಾಲು ನೀಡಿ ಕೂತು ಒಂದು ಟವೆಲನ್ನು ಮುಂಗಾಲಿಗೆ ಸುತ್ತಿ, ಎರಡು ತುದಿ ಹಿಡಿದು, ಮೀನಖಂಡದಲ್ಲಿ ಎಳೆತ ತಿಳಿಯುವಷ್ಟು ಮೆಲ್ಲಗೆ ನಿಮ್ಮ ಕಡೆ ಎಳೆದು ಮೂವತ್ತು ಎಣಿಸಿ. ಎರಡೂ ಕಾಲಿಗೆ ಮೂರು ಮೂರು ಸಲ. ಎರಡು ಮೂರು ತಿಂಗಳು ಬಿಡದೆ ಮಾಡಿದರೆ ಕೀಲಿನ ಬಳುಕು ಸ್ವಲ್ಪ ಸುಧಾರಿಸುತ್ತದೆ, ಹದಿನೆಂಟರ ಹಗ್ಗ ಮರಳಿ ಬರುತ್ತದೆ ಎಂದು ಆಸೆ ಪಡಬೇಡಿ. ಜಗ್ಗಿ ಎಳೆಯಬೇಡಿ. ಊರಲ್ಲಿ ಉಳುಕು ತೆಗೆಯುವವರ ಕೈಗೆ ಕೊಟ್ಟು ನರ ಎಳೆಸಬೇಡಿ. ಬಿಸಿ ಇಟ್ಟಿಗೆಯ ಶಾಖ, ಬಿಸಿನೀರಿನಲ್ಲಿ ಕಾಲಿಡುವುದು ಸ್ಪರ್ಶ ಇಲ್ಲದವರಿಗೆ ಬೇಡವೇ ಬೇಡ, ಸುಟ್ಟರೂ ತಿಳಿಯುವುದಿಲ್ಲ. ದಡ್ಡನ್ನು ಬ್ಲೇಡಿನಿಂದ ಕೆರೆಯುವುದು, ಆಣಿಗೆಂದು ಅಂಗಡಿಯಲ್ಲಿ ಸಿಗುವ ಔಷಧದ ಪಟ್ಟಿ ಅಂಟಿಸುವುದು ಎರಡೂ ಹುಣ್ಣಿಗೆ ದಾರಿ. ವೇಳಾಂಕಣ್ಣಿಗೋ ಧರ್ಮಸ್ಥಳಕ್ಕೋ ಬರಿಗಾಲಿನಲ್ಲಿ ನಡೆಯುವ ಹರಕೆ ಹೊತ್ತವರು ಚಪ್ಪಲಿ ಹಾಕಿಕೊಂಡೇ ನಡೆಯಿರಿ, ದೇವರು ಖಂಡಿತ ಬೇಸರ ಮಾಡಿಕೊಳ್ಳುವುದಿಲ್ಲ.

ಹುಣ್ಣು ಆಗಿಯೇ ಬಿಟ್ಟಿದ್ದರೆ ಒಂದು ವಿಷಯ ನೆನಪಿಡಿ. ಗಾಯದ ಒಳಗೆ ಬಿಳಿ ಅಥವಾ ಹಳದಿ ದಾರದ ಹಾಗೆ ಏನಾದರೂ ಕಂಡರೆ ಅದು ದಾರ ಅಲ್ಲ, ಬ್ಯಾಂಡೇಜಿನ ಎಳೆ ಅಲ್ಲ, ಹಗ್ಗವೇ ಹೊರಗೆ ಕಾಣುತ್ತಿದೆ. ಎಳೆಯಬೇಡಿ, ಕತ್ತರಿಸಬೇಡಿ, ಒದ್ದೆ ಮಾಡಿದ ಶುಭ್ರ ಬಟ್ಟೆ ಮುಚ್ಚಿ ಅದೇ ದಿನ ಆಸ್ಪತ್ರೆಗೆ ಹೋಗಿ. ಹಗ್ಗಗಳು ಪಾದದಿಂದ ಮೊಣಕಾಲಿನ ಕಡೆಗೆ ಕೊಳವೆಯೊಳಗೆ ಸಾಗುತ್ತವೆ. ಕೀವು ಆ ಕೊಳವೆ ಹಿಡಿಯಿತೆಂದರೆ ದೀಪದ ಬತ್ತಿ ಹಿಡಿದು ಎಣ್ಣೆ ಏರಿದ ಹಾಗೆ ಮೇಲೇರುತ್ತದೆ. ಹುಣ್ಣು ಬೆರಳಲ್ಲಿದ್ದು, ಊತ ಅಥವಾ ಕೆಂಪು ಪಾದದ ನಡುವಿಗೋ ಕೀಲಿಗೋ ಬಂದಿದ್ದರೆ, ವಾಸನೆ, ಜ್ವರ, ಚಳಿ ಇದ್ದರೆ ನಾಳೆ ಅನ್ನಬೇಡಿ. ಹುಣ್ಣೇ ಇಲ್ಲದೆ ಒಂದು ಪಾದ ಮಾತ್ರ ಬಿಸಿಯಾಗಿ ಊದಿಕೊಂಡಿದ್ದರೂ ಹಾಗೇ, ಒಳಗೆ ಮೂಳೆ ಕುಸಿಯುತ್ತಿರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯೋಟಿಕ್ ನುಂಗುವುದೂ ಬೇಡ. ಸಿಪ್ರೋಫ್ಲಾಕ್ಸಾಸಿನ್ ಜಾತಿಯ ಮಾತ್ರೆಗಳಿಂದ ಅಪರೂಪಕ್ಕೆ ಹಿಮ್ಮಡಿಯ ಹಗ್ಗವೇ ಹರಿಯುವುದುಂಟು, ಅದನ್ನು ಡಾಕ್ಟರ್ ತೂಗಿ ನೋಡಿಯೇ ಕೊಡಬೇಕು.

ಮೊದಲು ತೋರಿಸಬೇಕಾದದ್ದು ನಿಮ್ಮ ತಾಲೂಕು ಆಸ್ಪತ್ರೆಯ ಎನ್.ಸಿ.ಡಿ. ಕ್ಲಿನಿಕ್ಕಿನಲ್ಲಿ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿಯಲ್ಲಿ ಪಾದಕ್ಕೆಂದೇ ಬೇರೆ ವಿಭಾಗ ಇದೆ. ಎಲ್ಲಿಗೆ ಹೋದರೂ ನಾಚಿಕೊಳ್ಳದೆ ಚಪ್ಪಲಿ ಬಿಚ್ಚಿ, "ಡಾಕ್ಟ್ರೇ, ಪಾದ ಮಡಚುತ್ತಾ ನೋಡಿ" ಅಂತ ನೀವೇ ಕೇಳಿ.

ಮುಂದಿನ ಸಭೆಯಲ್ಲಿ ಹಾಜರಿ, ಉಳಿತಾಯ ಮುಗಿದ ಮೇಲೆ ಹದಿನೈದು ನಿಮಿಷ ಇದಕ್ಕೆ ಇಡಿ. ಇಬ್ಬಿಬ್ಬರಾಗಿ ಕೂತು ಬೆರಳು ಮುಟ್ಟಿ ನೋಡಿ, ಪಾದ ಮಡಚಿ ನೋಡಿ. ಸ್ಪರ್ಶ ತಿಳಿಯದವರ, ಪಾದ ಮಡಚದವರ ಹೆಸರನ್ನು ಅವರು ಒಪ್ಪಿದರೆ ಒಂದು ಚೀಟಿಯಲ್ಲಿ ಬರೆದಿಡಿ, ನಡಾವಳಿ ಪುಸ್ತಕದಲ್ಲಿ ಬೇಡ, ಅದನ್ನು ಬ್ಯಾಂಕಿನವರೂ ನೋಡುತ್ತಾರೆ. ನಮ್ಮ ಕಾರ್ಯಕರ್ತೆ ತಿಂಗಳ ಭೇಟಿಗೆ ಬಂದಾಗ ಚೀಟಿ ಕೊಟ್ಟು ಕಳಿಸಿ. ಆಸ್ಪತ್ರೆಗೆ ಯಾವ ದಿನ, ಯಾರ ಜೊತೆ ಹೋಗುವುದು ಎಂದು ಅಲ್ಲೇ ಗೊತ್ತು ಮಾಡೋಣ. ಹಸು ಇದ್ದವರು ಅದನ್ನೂ ಮೊದಲೇ ಹೇಳಿ.